ಬೂಟಿನೊಳಗೆ ಬಚ್ಚಿಟ್ಟ ಕಾಲು



ಕಳೆದ ರಾಜ್ಯೋತ್ಸವದ ಸಂಜೆಯ ಒಂದು ಸಣ್ಣ ಪ್ರಸಂಗದಿಂದ ಈ ಬರಹವನ್ನು ಆರಂಭಿಸುತ್ತೇನೆ. ತಾಯಿ ಭುವನೇಶ್ವರಿಯ ಚಿತ್ರದ ಮುಂದೆ ಚಾಪೆ ಹಾಸಿ, ದೀಪ ಇರಿಸಿ, ಎಲ್ಲರೂ ಪಾದರಕ್ಷೆಗಳನ್ನು ಬಾಗಿಲ ಬಳಿ ಬಿಟ್ಟು ಒಳಗೆ ಸೇರಿದ್ದೆವು. ನಮ್ಮ ಬಳಗದ ಹಿರಿಯರೊಬ್ಬರು ಮಾತ್ರ ಹೊಸ್ತಿಲಾಚೆಯೇ ನಿಂತಿದ್ದರು. ಉಡುಪಿ ಕಡೆಯವರು, ಹಲವು ವರ್ಷಗಳಿಂದ ಒಮಾನಿನಲ್ಲಿ ದುಡಿಯುತ್ತಿರುವವರು. "ಬನ್ನಿ ಅಣ್ಣಾ, ಒಂದು ಬತ್ತಿ ನೀವೂ ಹಚ್ಚಿ" ಎಂದು ಕರೆದೆ. "ಇಲ್ಲೇ ಆದೀತು, ನೀವು ಸುರು ಮಾಡಿ" ಎಂದು ನಕ್ಕು ಸುಮ್ಮನಾದರು. ಕೆಲಸದಿಂದ ನೇರವಾಗಿ ಬಂದಿರಬೇಕು, ಬೂಟು ಬಿಚ್ಚಲು ಬೇಸರವಿರಬೇಕು ಎಂದುಕೊಂಡೆ.

ನಿಜ ತಿಳಿದದ್ದು ಕೆಲವು ವಾರಗಳ ನಂತರ. ಜ್ವರದಿಂದ ಮಲಗಿದ್ದ ಅವರನ್ನು ನೋಡಲು ಶಿಬಿರದ ಕೋಣೆಗೆ ಹೋದಾಗ ಎಡಗಾಲು ಮೊಣಕಾಲಿನಿಂದ ಕೆಳಗೆ ಕೆಂಪೇರಿ ಊದಿಕೊಂಡಿತ್ತು. ಪಾದದ ಕೀಲಿನ ಸುತ್ತ ಚರ್ಮ ದಪ್ಪವಾಗಿ, ಅಲ್ಲಲ್ಲಿ ಗಂಟು ಕಟ್ಟಿದಂತೆ ಕಾಣುತ್ತಿತ್ತು. ಅದು ಅಂದು ಬಂದ ಊತವಾಗಿರಲಿಲ್ಲ. ಮೂರು ವರ್ಷಗಳಿಂದ ಅದನ್ನು ಅವರು ಸಡಿಲ ಪ್ಯಾಂಟಿನಲ್ಲಿ, ಒಂದು ಅಳತೆ ದೊಡ್ಡದಾದ ಬೂಟಿನಲ್ಲಿ ಬಚ್ಚಿಟ್ಟಿದ್ದರು. "ಅವತ್ತು ಬೂಟು ಬಿಚ್ಚಿದ್ರೆ ಪುನಃ ಹಾಕ್ಲಿಕ್ಕೆ ಅರ್ಧ ಗಂಟೆ ಬೇಕಿತ್ತು ಮಾರಾಯ್ರೆ. ಮತ್ತೆ ಎಲ್ಲರೂ ನೋಡ್ತಾರಲ್ಲ" ಎಂದರು. ಹೆಸರು ಹೇಳದೆ ಬರೆಯಲು ಅವರೇ ಅನುಮತಿ ಕೊಟ್ಟಿದ್ದಾರೆ. "ಇನ್ನೊಬ್ಬ ಹಾಗೆ ಹೊರಗೆ ನಿಲ್ಲುವುದು ಬೇಡ" ಎಂಬುದು ಅವರು ಕೊಟ್ಟ ಕಾರಣ.

ಕಾಲಿನ ಗಂಟಿಗಿಂತ ದೊಡ್ಡ ಅಪಾಯ ಅದನ್ನು ಬಚ್ಚಿಡುವುದು ಎಂಬುದೇ ಈ ಲೇಖನದ ಒಟ್ಟು ಅಭಿಪ್ರಾಯ. ನಾನು ವೈದ್ಯನಲ್ಲ. ಇಲ್ಲಿರುವುದು ವೈದ್ಯರಿಂದ ಕೇಳಿ, ಓದಿ, ಖಚಿತಪಡಿಸಿಕೊಂಡ ಸಾಮಾನ್ಯ ತಿಳಿವಳಿಕೆ. ಇದನ್ನು ಓದಿ ಯಾರೂ ತಮ್ಮ ರೋಗವನ್ನು ತಾವೇ ನಿರ್ಣಯಿಸಿಕೊಳ್ಳಬಾರದು. ಆದರೆ ಓದಿದವರು ಇಂದು ರಾತ್ರಿ ತಮ್ಮ ಕಾಲನ್ನೊಮ್ಮೆ ನೋಡಿಕೊಂಡರೆ ಬರೆದದ್ದು ಸಾರ್ಥಕ.

ನಾವೇಕೆ ನೋಡುವುದಿಲ್ಲ?

ನಮ್ಮದು ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವ ಸಂಸ್ಕೃತಿ. ಊರಿನ ಮನೆಗಳಲ್ಲಿ ಅಂಗಳದ ತಂಬಿಗೆಯ ನೀರಿನಿಂದ ಕಾಲು ತೊಳೆಯದೆ ಒಳಗೆ ಬರುವಂತಿರಲಿಲ್ಲ. ಇಲ್ಲಿ ನಮ್ಮ ಬ್ಯಾರಿ ಬಂಧುಗಳು ನಮಾಜಿಗೆ ಮೊದಲು ಪ್ರತಿಸಲವೂ ಪಾದ ತೊಳೆಯುತ್ತಾರೆ. ಕಾಲು ತೊಳೆಯುವುದೆಂದರೆ ಕಾಲನ್ನು ನೋಡುವುದೂ ಆಗಿತ್ತು. ಮುಳ್ಳು ಚುಚ್ಚಿದ್ದು, ಹಿಮ್ಮಡಿ ಬಿರಿದದ್ದು, ಬೆರಳ ಸಂದು ಬೆಂದದ್ದು ಕಣ್ಣಿಗೆ ಬೀಳುತ್ತಿತ್ತು. ಈಗ ಬೆಳಗಿನ ನಾಲ್ಕೂವರೆಗೆ ಸುರಕ್ಷತಾ ಬೂಟಿನೊಳಗೆ ಹೋದ ಕಾಲು ಸಂಜೆ ಕತ್ತಲಾದ ಮೇಲೆ ಹೊರಬರುತ್ತದೆ. ಕೋಣೆಯ ಮಂದ ಬೆಳಕಿನಲ್ಲಿ ಸ್ನಾನ, ಊಟ, ಊರಿಗೆ ಒಂದು ವೀಡಿಯೋ ಕರೆ, ನಿದ್ರೆ. ವೀಡಿಯೋದಲ್ಲಿ ಮುಖ ಕಾಣುತ್ತದೆಯೇ ಹೊರತು ಕಾಲು ಕಾಣುವುದಿಲ್ಲ. "ಹುಷಾರಾಗಿದ್ದೀರಾ?" ಎಂದು ಹೆಂಡತಿ ಕೇಳಿದರೆ "ಹುಷಾರು" ಎಂದು ಮುಖ ಹೇಳುತ್ತದೆ.

ನೋಡಿದವರೂ ಹೇಳುವುದಿಲ್ಲ ಎಂಬುದು ಇನ್ನೊಂದು ಸಂಗತಿ. ಅದಕ್ಕೆ ಕಾರಣ ಅಜ್ಞಾನವೆಂದು ತಿಳಿದವರು ಹಗುರವಾಗಿ ಹೇಳಿಬಿಡುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಕಾರಣ ಭಯ. ಗಲ್ಫ್‌ಗೆ ಹೊರಡುವ ಮೊದಲೇ ನಮ್ಮವರು ವೈದ್ಯಕೀಯ ತಪಾಸಣೆಯ ಸಾಲಿನಲ್ಲಿ ನಿಂತು "ಅನ್‌ಫಿಟ್" ಎಂಬ ಒಂದು ಪದ ಇಡೀ ಸಂಸಾರದ ಲೆಕ್ಕಾಚಾರವನ್ನು ಹೇಗೆ ಅಳಿಸಿಹಾಕಬಲ್ಲದು ಎಂಬುದನ್ನು ಕಲಿತಿರುತ್ತಾರೆ. ಸಾಲ ತೀರದೆ, ಮಗಳ ಮದುವೆ ಮುಗಿಯದೆ, ಮನೆಯ ತಾರಸಿ ಬೀಳದೆ ಇರುವಾಗ ಕಾಲಿನ ಗಂಟು ತೋರಿಸಿ ಕೆಲಸ ಕಳೆದುಕೊಳ್ಳುವುದೇ ಎಂಬ ಲೆಕ್ಕ ಮೂರ್ಖತನದ ಲೆಕ್ಕವಲ್ಲ. ಅದು ತಪ್ಪು ಲೆಕ್ಕ ಎಂಬುದನ್ನಷ್ಟೇ ನಾನು ಹೇಳಬಯಸುತ್ತೇನೆ.

ಕರಾವಳಿಯ ಹಳೆಯ ಶತ್ರು

ನಮ್ಮ ಹಿರಿಯರದ್ದು ಆನೆಕಾಲು ರೋಗವೆಂದು ಪರೀಕ್ಷೆಯಲ್ಲಿ ತಿಳಿಯಿತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದವರಿಗೂ, ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ಬಾಗಲಕೋಟೆ, ವಿಜಯಪುರದವರಿಗೂ ಈ ಹೆಸರು ಹೊಸದಲ್ಲ. ಈ ಜಿಲ್ಲೆಗಳಿಗೆ ಇದು ತಲೆಮಾರುಗಳಿಂದ ಪರಿಚಿತ. ಭಾರತ ಸರ್ಕಾರ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದ್ದು 1955ರಲ್ಲಿ. ಕ್ಯೂಲೆಕ್ಸ್ ಎಂಬ, ಚರಂಡಿಯ ಕೊಳಕು ನೀರಿನಲ್ಲಿ ಬೆಳೆಯುವ ಸೊಳ್ಳೆ ಇದನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುತ್ತದೆ. ದಾರದಂಥ ಹುಳುಗಳು ದುಗ್ಧರಸದ ನಾಳಗಳಲ್ಲಿ ನೆಲೆಸಿ ಆರರಿಂದ ಎಂಟು ವರ್ಷ ಬದುಕುತ್ತವೆ. ಅಂಗಾಂಶಗಳಲ್ಲಿ ಉಳಿದ ನೀರನ್ನು ಮರಳಿ ರಕ್ತಕ್ಕೆ ಸೇರಿಸುವುದು ಈ ನಾಳಗಳ ಕೆಲಸ. ಅವು ಕೆಟ್ಟರೆ ನೀರು ಕಾಲಿನಲ್ಲೇ ನಿಲ್ಲುತ್ತದೆ, ಚರ್ಮ ದಪ್ಪವಾಗುತ್ತದೆ, ಕಾಲಕ್ರಮದಲ್ಲಿ ಮಡಿಕೆಗಳೂ ಗಂಟುಗಳೂ ಮೂಡುತ್ತವೆ.

ಇದರಲ್ಲಿ ಪರದೇಶದಲ್ಲಿರುವ ನಾವು ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಸೋಂಕು ತಗಲುವುದಕ್ಕೂ ಕಾಲು ಊದುವುದಕ್ಕೂ ನಡುವೆ ವರ್ಷಗಳ ಅಂತರ ಇರಬಹುದು. ಬಾಲ್ಯದಲ್ಲಿ ಮಲ್ಪೆಯಲ್ಲೋ ಸುರಪುರದಲ್ಲೋ ಅಂಟಿದ್ದು ನಡುವಯಸ್ಸಿನಲ್ಲಿ ದುಕ್ಮ್‌ನಲ್ಲಿ ತಲೆಯೆತ್ತಬಹುದು. ಒಮಾನಿನಲ್ಲಿ ಈ ರೋಗ ಸ್ಥಳೀಯವಾಗಿ ಹರಡುವಂಥದ್ದಲ್ಲ. ಆದ್ದರಿಂದ ಇಲ್ಲಿನ ವೈದ್ಯರ ಮನಸ್ಸಿಗೆ ಇದು ಮೊದಲು ಹೊಳೆಯದಿದ್ದರೆ ಅದು ಅವರ ತಪ್ಪಲ್ಲ. ರೋಗಿ ತಾನು ಯಾವ ಊರಿನವನು, ಎಲ್ಲಿ ಬೆಳೆದವನು ಎಂಬುದನ್ನು ಹೇಳಬೇಕು. "ಭಾರತ" ಎಂದರೆ ಸಾಲದು, "ಭಾರತದ ಪಶ್ಚಿಮ ಕರಾವಳಿ, ನಮ್ಮ ಜಿಲ್ಲೆಯಲ್ಲಿ ಆನೆಕಾಲು ಇದೆ" ಎಂದು ಹೇಳಬೇಕು. ನಮ್ಮ ಹಿರಿಯರು ಹಿಂದೊಮ್ಮೆ ಚಿಕಿತ್ಸೆಗೆ ಹೋದಾಗ ಈ ಒಂದು ಮಾತು ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ನೋವಿನ ಮಾತ್ರೆಯೊಂದಿಗೆ ಹಿಂತಿರುಗಿದ್ದರು.

ಇದರ ಮುನ್ಸೂಚನೆಗಳು ಸಣ್ಣವು. ತೊಡೆಯ ಸಂದಿಯಲ್ಲಿ ನೋವಿನ ಗಡ್ಡೆ, ಚಳಿಜ್ವರ, ಕಾಲಿನಲ್ಲಿ ಕೆಂಪು, ಕೆಲವು ದಿನಗಳಲ್ಲಿ ತಾನೇ ಇಳಿದುಹೋಗುವ ಊತ. ಆರಂಭದಲ್ಲಿ ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ರಾತ್ರಿ ಮಲಗಿ ಎದ್ದರೆ ಊತ ಇಳಿದಿರುತ್ತದೆ. ಈ ಹಂತದಲ್ಲಿ ತೋರಿಸಿದವರಿಗೂ, ಒತ್ತಿದರೂ ಗುಳಿ ಬೀಳದ ಹಂತದಲ್ಲಿ ತೋರಿಸಿದವರಿಗೂ ಸಿಗುವ ಫಲದಲ್ಲಿ ಅಜಗಜಾಂತರ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತರಿಸಿಕೊಳ್ಳುವ ಗಾದೆ ಈ ರೋಗಕ್ಕೆಂದೇ ಹುಟ್ಟಿದಂತಿದೆ. ಹುಳುವಿನ ಮರಿಗಳು ರಕ್ತದಲ್ಲಿ ರಾತ್ರಿಯ ಹೊತ್ತು ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ ಹಿಂದೆ ಆರೋಗ್ಯ ಕಾರ್ಯಕರ್ತರು ನಡುರಾತ್ರಿ ಮನೆ ಬಾಗಿಲು ತಟ್ಟಿ ರಕ್ತದ ಹನಿ ಪಡೆಯುತ್ತಿದ್ದರು. ಈಗ ಬೆರಳ ತುದಿಯ ರಕ್ತದಿಂದ ಹಗಲಿನಲ್ಲೇ ಮಾಡುವ ಪಟ್ಟಿ ಪರೀಕ್ಷೆಯೂ ಇದೆ. ಊರಿನಲ್ಲಿ ಆಶಾ ಕಾರ್ಯಕರ್ತೆಯರು ಡಿಇಸಿ ಮತ್ತು ಆಲ್ಬೆಂಡಜೋಲ್ ಮಾತ್ರೆಗಳನ್ನು ತಂದಾಗ "ನಮಗೇನೂ ಆಗಿಲ್ಲವಲ್ಲ" ಎಂದು ಕಿಸೆಗೆ ಹಾಕಿಕೊಂಡವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಏನೂ ಆಗದಿರುವಾಗ ನುಂಗಬೇಕಾದ ಮಾತ್ರೆ ಅದು. ಈ ರೋಗವನ್ನು 2027ರೊಳಗೆ ನಿರ್ಮೂಲಗೊಳಿಸುವುದು ಭಾರತದ ಗುರಿ. ರಜೆಯಲ್ಲಿ ಊರಿಗೆ ಹೋದಾಗ ಮಾತ್ರೆ ಹಂಚುವ ಸಮಯವಾಗಿದ್ದರೆ ನಾವೂ ತೆಗೆದುಕೊಳ್ಳಬೇಕು, ಮನೆಯವರೂ ತೆಗೆದುಕೊಳ್ಳುವಂತೆ ನೋಡಿಕೊಳ್ಳಬೇಕು.

ಊದಿದ ಕಾಲಿಗೆ ಇನ್ನು ದಾರಿಯೇ ಇಲ್ಲವೆಂಬ ಮಾತೂ ಸುಳ್ಳು. ಕನ್ನಡಿಗರ ನೆಲವೇ ಆದ ಕಾಸರಗೋಡಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆಯಿದೆ. ಡಾ. ಎಸ್. ಆರ್. ನರಹರಿ ಮತ್ತು ಅವರ ಸಂಗಡಿಗರು ಆನೆಕಾಲಿನ ಊತಕ್ಕೆ ಆಯುರ್ವೇದ, ಯೋಗ ಹಾಗೂ ಆಧುನಿಕ ಚರ್ಮವೈದ್ಯವನ್ನು ಒಟ್ಟುಗೂಡಿಸಿದ ಚಿಕಿತ್ಸಾಕ್ರಮವನ್ನು ರೂಪಿಸಿ ಲೋಕದ ಗಮನ ಸೆಳೆದಿದ್ದಾರೆ. ಆ ಕ್ರಮದ ತಿರುಳು ಬಹಳ ಸರಳ: ಕಾಲನ್ನು ಸೋಪಿನಿಂದ ತೊಳೆದು ಒಣಗಿಸುವುದು, ಗಿಡಮೂಲಿಕೆಯ ಕಷಾಯದಲ್ಲಿ ನೆನೆಸುವುದು, ಉಸಿರಾಟದೊಂದಿಗೆ ಕೂಡಿದ ಯೋಗದ ಚಲನೆಗಳು, ಕೊನೆಗೆ ಒತ್ತಡದ ಪಟ್ಟಿ ಸುತ್ತುವುದು. ಮನೆಯಲ್ಲಿ ಮನೆಯವರೇ ನಿತ್ಯ ಮಾಡಬಹುದಾದ ಶ್ರಮವದು. ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುವುದು ಇದನ್ನೇ. ತೊಳೆಯಿರಿ, ಬೆರಳ ಸಂದಿನ ಗಾಯಕ್ಕೆ ಔಷಧ ಹಚ್ಚಿ, ಕಾಲನ್ನು ಎತ್ತರಿಸಿ ಇಡಿ, ಚಲಿಸಿ, ಪಾದರಕ್ಷೆ ಧರಿಸಿ. ನಮ್ಮ ಅಜ್ಜಿಯಂದಿರ ತಂಬಿಗೆ ನೀರಿನ ಶಾಸ್ತ್ರ ವೈದ್ಯಶಾಸ್ತ್ರವಾಗಿ ಮರಳಿ ಬಂದಿದೆ.

ನಿಂತು ದುಡಿಯುವವರ ಕಾಲು

ಆನೆಕಾಲು ನಮ್ಮಲ್ಲಿ ಕೆಲವರ ಕಷ್ಟ. ಉಬ್ಬಿದ ರಕ್ತನಾಳ, ಅಂದರೆ ವೆರಿಕೋಸ್ ವೇನ್, ಅದಕ್ಕಿಂತ ಬಹಳ ಹೆಚ್ಚು ಮಂದಿಯ ಕಷ್ಟ. ಹೃದಯ ರಕ್ತವನ್ನು ಕೆಳಕ್ಕೆ ತಳ್ಳುತ್ತದೆ. ಅದು ಮೇಲಕ್ಕೆ ಹತ್ತಬೇಕಾದರೆ ಮೀನಖಂಡದ ಸ್ನಾಯುಗಳು ಹಿಂಡಬೇಕು, ನಾಳದೊಳಗಿನ ಸಣ್ಣ ಕವಾಟಗಳು ಅದನ್ನು ಕೆಳಗೆ ಜಾರದಂತೆ ತಡೆಯಬೇಕು. ನಡೆದರೆ ಈ ಯಂತ್ರ ಕೆಲಸ ಮಾಡುತ್ತದೆ, ಒಂದೇ ಕಡೆ ನಿಂತರೆ ಮಾಡುವುದಿಲ್ಲ. ಹಡಗು ದುರಸ್ತಿ ಕಟ್ಟೆಯ ವೆಲ್ಡರ್, ಗೇಟಿನ ಕಾವಲುಗಾರ, ಶಿಬಿರದ ಅಡುಗೆಯವರು, ಕ್ಷೌರಿಕರು, ಅಂಗಡಿಯ ಸಹಾಯಕರು ಇವರೆಲ್ಲ ಗಂಟೆಗಟ್ಟಲೆ ನಿಂತೇ ಅನ್ನ ಗಳಿಸುವವರು. ವರ್ಷಗಳಲ್ಲಿ ಕವಾಟ ಸೋರಿ, ರಕ್ತ ನಿಂತು, ನಾಳ ಹಗ್ಗದಂತೆ ಸುರುಳಿ ಸುತ್ತಿ ಚರ್ಮದಡಿ ನೀಲಿ ಗಂಟುಗಳಾಗಿ ಕಾಣುತ್ತದೆ. ಸಂಜೆಗೆ ಭಾರ, ರಾತ್ರಿ ಸೆಳೆತ. ನಿರ್ಲಕ್ಷಿಸಿದರೆ ಪಾದದ ಕೀಲಿನ ಒಳಬದಿಯಲ್ಲಿ ಚರ್ಮ ಕಪ್ಪಾಗಿ, ನವೆಯಾಗಿ, ಒಂದು ದಿನ ಆರದ ಹುಣ್ಣಾಗುತ್ತದೆ.

ಇದಕ್ಕೆ ಈಗ ಲೇಸರ್‌ನಿಂದ ಹಿಡಿದು ಹಲವು ಚಿಕಿತ್ಸೆಗಳಿವೆ. ಅದಕ್ಕೂ ಮೊದಲು ಖರ್ಚಿಲ್ಲದ ಉಪಾಯಗಳಿವೆ. ನಿಂತಲ್ಲೇ ಹಿಮ್ಮಡಿಯನ್ನು ಎತ್ತಿ ಇಳಿಸುವುದು, ಗಂಟೆಗೊಮ್ಮೆ ನಾಲ್ಕು ಹೆಜ್ಜೆ ನಡೆಯುವುದು. ಒಮಾನಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನ ಕೆಲಸಕ್ಕೆ ಕಾನೂನಿನ ತಡೆಯಿದೆಯಷ್ಟೆ. ಆ ವಿರಾಮದಲ್ಲಿ ಮೊಬೈಲು ನೋಡುತ್ತ ಕಾಲು ಜೋಲುಬಿಟ್ಟು ಕೂರುವ ಬದಲು, ಬೆನ್ನ ಮೇಲೆ ಮಲಗಿ ದಿಂಬಿನ ಮೇಲೆ ಕಾಲನ್ನು ಎದೆಗಿಂತ ಎತ್ತರದಲ್ಲಿ ಇಟ್ಟುಕೊಂಡರೆ ಮೊಬೈಲನ್ನೂ ನೋಡಬಹುದು, ಕಾಲಿಗೂ ಬಿಡುವು ಸಿಗುತ್ತದೆ. ಬಿಗಿ ಕಾಲುಚೀಲವನ್ನು ಮಾತ್ರ ವೈದ್ಯರನ್ನು ಕೇಳಿಯೇ ಧರಿಸಬೇಕು. ಕಾಲಿಗೆ ರಕ್ತ ಒಯ್ಯುವ ಧಮನಿ ದುರ್ಬಲವಾಗಿದ್ದವರಿಗೆ, ವಿಶೇಷವಾಗಿ ಸಕ್ಕರೆ ಕಾಯಿಲೆಯವರಿಗೆ ಮತ್ತು ಧೂಮಪಾನಿಗಳಿಗೆ, ಅದರಿಂದ ಹಾನಿಯಾಗಬಹುದು. ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ಗಾಬರಿಯಾಗಿ ಓಡಬಾರದು. ಮಲಗಿ, ಕಾಲನ್ನು ಎತ್ತಿ, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಸಹಾಯ ಕರೆಯಬೇಕು.

ಇದೇ ನಾಳಗಳ ಇನ್ನೊಂದು ಅವತಾರ ಪ್ರಾಣಾಂತಿಕ. ಮೀನಖಂಡದ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಒಂದೇ ಕಾಲು ಇದ್ದಕ್ಕಿದ್ದಂತೆ ಊದುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಆ ಹೆಪ್ಪು ಕಿತ್ತು ಶ್ವಾಸಕೋಶ ಸೇರಿದರೆ ಉಸಿರೇ ನಿಲ್ಲಬಹುದು. ನಾಲ್ಕು ಗಂಟೆಗೂ ಮೀರಿ ಅಲುಗಾಡದೆ ಕುಳಿತು ಮಾಡುವ ಪ್ರಯಾಣದಲ್ಲಿ ಇದರ ಸಂಭವ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸಿತ್ತು. ಒಟ್ಟಾರೆ ಸಂಭವ ಕಡಿಮೆಯೇ, ಭಯಪಡಬೇಕಿಲ್ಲ. ಆದರೆ ನಮ್ಮ ಊರಿನ ದಾರಿಯನ್ನು ನೆನೆಯಿರಿ. ದುಕ್ಮ್‌ನಿಂದ ಮಸ್ಕತ್‌ಗೆ ಸುಮಾರು 550 ಕಿಲೋಮೀಟರ್ ಮರಳುಗಾಡಿನ ರಸ್ತೆ, ವಿಮಾನ ನಿಲ್ದಾಣದಲ್ಲಿ ಕಾಯುವಿಕೆ, ಮಂಗಳೂರಿಗೋ ಬೆಂಗಳೂರಿಗೋ ವಿಮಾನ, ಅಲ್ಲಿಂದ ಮತ್ತೆ ರಾತ್ರಿ ಬಸ್ಸು. ಒಂದು ದಿನವಿಡೀ ಮಡಿಸಿದ ಕಾಲು! ಚಾಲಕರಿಗೆ "ಅಣ್ಣಾ, ಎರಡು ಗಂಟೆಗೊಮ್ಮೆ ನಿಲ್ಲಿಸಿ" ಎನ್ನಲು ಸಂಕೋಚ ಬೇಡ. ನೀರು ಕುಡಿಯಿರಿ, ಇಳಿದು ನಡೆಯಿರಿ. ಹೀಗೆ ಊದಿದ ಕಾಲನ್ನು ಎಣ್ಣೆ ಹಚ್ಚಿ ತಿಕ್ಕುವುದು ಮಾತ್ರ ಯಾರೂ ಮಾಡಬಾರದ ಕೆಲಸ. ಅದೇ ದಿನ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರುಗಟ್ಟುವಿಕೆ ಅಥವಾ ಎದೆನೋವು ಇದ್ದರೆ ಒಮಾನಿನ ತುರ್ತು ಸಂಖ್ಯೆ 9999ಕ್ಕೆ ಕರೆ ಮಾಡಿ.

ಉಳಿದ ಗಂಟುಗಳು

ಕಾಲಿನ ಗಂಟೆಂದರೆ ಅಂತರ್ಜಾಲದಲ್ಲಿ ಹುಡುಕಿ ಕ್ಯಾನ್ಸರೆಂದು ನಡುಗುವವರಿಗೆ ಒಂದು ಸಮಾಧಾನ: ಹೆಚ್ಚಿನವು ನಿರಪಾಯಕರ. ಬೆರಳಿನಡಿ ಮೆತ್ತಗೆ ಜಾರುವ ಗಂಟು ಬಹುತೇಕ ಕೊಬ್ಬಿನ ಗಡ್ಡೆ. ಮಂಡಿಯ ಹಿಂದಿನ ನೀರುಗುಳ್ಳೆ ಸಾಮಾನ್ಯವಾಗಿ ಕೀಲಿನ ಸವೆತದ ಸೂಚನೆ. ಊರಿನಲ್ಲಿ ಕಬಡ್ಡಿ, ಫುಟ್‌ಬಾಲ್ ಆಡುವ ಹನ್ನೆರಡು ಹದಿಮೂರರ ಮಗನಿಗೆ ಮಂಡಿ ಚಿಪ್ಪಿನ ತುಸು ಕೆಳಗೆ ನೋವಿನ ಎಲುಬಿನ ಉಬ್ಬು ಕಂಡರೆ ಅದು ಬೆಳೆಯುವ ವಯಸ್ಸಿನ ತೊಂದರೆಯಾಗಿರುವುದೇ ಹೆಚ್ಚು. ವಿಶ್ರಾಂತಿ ಸಾಕು, ಬೆಳವಣಿಗೆ ಮುಗಿದಾಗ ನೋವೂ ಮುಗಿಯುತ್ತದೆ.

ಎರಡೂ ಪಾದಗಳು ಸಮನಾಗಿ ಊದಿದರೆ ಕಾಲಿಗಿಂತ ಹೃದಯ, ಮೂತ್ರಪಿಂಡ, ಯಕೃತ್ತಿನ ಕಡೆ ನೋಡಬೇಕಾಗುತ್ತದೆ. ರಕ್ತದೊತ್ತಡಕ್ಕೆ ನಮ್ಮಲ್ಲಿ ಅನೇಕರು ನುಂಗುವ ಅಮ್ಲೋಡಿಪಿನ್ ಮಾತ್ರೆಯಿಂದಲೂ ಪಾದ ಊದುವುದುಂಟು. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ವೈದ್ಯರಿಗೆ ಹೇಳಬೇಕು. ಕಾಲಿನ ಮುಂಭಾಗದ ಎಲುಬಿನ ಮೇಲೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಗುಂಪಾಗಿ ಎದ್ದರೆ, ಅದು ಗಂಟಲಿನ ಸೋಂಕು, ಕ್ಷಯ ಅಥವಾ ಯಾವುದೋ ಔಷಧದ ಪ್ರತಿಕ್ರಿಯೆ ಇರಬಹುದು. ಕಾಲಿನ ಗಂಟು ಎದೆಯ ಸುದ್ದಿ ಹೇಳುವುದೆಂದರೆ ಹೀಗೆ. ಮಂಡಿಯ ಹೊರಬದಿಯ ಕೆಳಗೆ ಹುರಿಯಂತೆ ದಪ್ಪಗಾದ ನರ, ಸ್ಪರ್ಶವಿಲ್ಲದ ಮಚ್ಚೆ, ನಡೆಯುವಾಗ ಗೊತ್ತಾಗದಂತೆ ಕಳಚಿಹೋಗುವ ಚಪ್ಪಲಿ ಇವು ಕುಷ್ಠದ ಲಕ್ಷಣಗಳಾಗಿರಬಹುದು. ಆ ಹೆಸರಿಗೆ ಬೆಚ್ಚುವ ಕಾಲ ಹೋಯಿತು. ಕೆಲವೇ ತಿಂಗಳುಗಳ ಔಷಧದಿಂದ ಅದು ಪೂರ್ತಿ ಗುಣವಾಗುತ್ತದೆ. ಊರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಔಷಧ ಉಚಿತ. ಮುಳ್ಳು ಚುಚ್ಚಿದ ಪಾದದಲ್ಲಿ ನೋವಿಲ್ಲದೆ ಬೆಳೆದು, ರಂಧ್ರಗಳಿಂದ ಕಾಳಿನಂಥ ಕಣಗಳನ್ನು ಸುರಿಸುವ ಗಡ್ಡೆ, ನೆರೆಯ ಮಧುರೈಯ ಹೆಸರನ್ನೇ ಹೊತ್ತ ಮಧುರಾ ಪಾದ, ಬರಿಗಾಲಿನ ರೈತರನ್ನು ಇಂದಿಗೂ ಕಾಡುತ್ತಿದೆ. ನಿಂಬೆಹಣ್ಣಿಗಿಂತ ದೊಡ್ಡದಾದ, ಆಳದಲ್ಲಿ ಗಟ್ಟಿಯಾಗಿ ಕೂತ, ತಿಂಗಳಿಂದ ತಿಂಗಳಿಗೆ ಬೆಳೆಯುವ ಗಂಟನ್ನೂ, ಆಕಾರ, ಬಣ್ಣ ಬದಲಿಸುವ ಮಚ್ಚೆಯನ್ನೂ ತಡಮಾಡದೆ ತೋರಿಸಬೇಕು. ಅಪರೂಪವಾದರೂ ಕ್ಯಾನ್ಸರ್ ಬರುವುದು ಈ ವೇಷಗಳಲ್ಲಿ.

ಗಂಟಿನ ಮೇಲೆ ಕಾದ ಕಬ್ಬಿಣದಿಂದ ಬರೆ ಎಳೆಯುವ ಪದ್ಧತಿ ನಮ್ಮ ಹಳ್ಳಿಗಳಲ್ಲೂ ಇತ್ತು, 'ವಸ್ಮ್' ಎಂಬ ಹೆಸರಿನಲ್ಲಿ ಈ ಅರಬ್ ನೆಲದಲ್ಲೂ ಇತ್ತು. ಎರಡೂ ಕಡೆಯ ಹಿರಿಯರನ್ನು ಗೌರವಿಸುತ್ತಲೇ ಹೇಳುತ್ತೇನೆ: ಅದು ಬೇಡ. ಊದಿದ ಕಾಲಿಗೆ ಸುಟ್ಟ ಗಾಯ ಸೇರಿದರೆ ರೋಗಾಣುವಿಗೆ ಹೆಬ್ಬಾಗಿಲು ತೆರೆದಂತೆ.

ತೋರಿಸಿಕೊಂಡು ಗೆದ್ದ ಕಥೆ

ಬಚ್ಚಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ಸಾಕ್ಷಿಯಿದೆ. ಉತ್ತರ ಕರ್ನಾಟಕದ ಹಿರಿಯರನ್ನು ಕೇಳಿದರೆ ನಾರುಹುಣ್ಣಿನ ಕಥೆ ಹೇಳುತ್ತಾರೆ. ಮೊಣಕಾಲ ಕೆಳಗೆ ಉರಿಯುವ ಬೊಬ್ಬೆಯೊಂದು ಏಳುತ್ತದೆ. ಅದು ಒಡೆದಾಗ ಒಳಗಿನಿಂದ ಬಿಳಿಯ ದಾರದಂಥ ಹುಳು ತಲೆ ಹಾಕುತ್ತದೆ. ಎರಡು, ಮೂರು ಅಡಿ ಉದ್ದದ ಅದನ್ನು ಕಡ್ಡಿಗೆ ಸುತ್ತುತ್ತ ದಿನಕ್ಕೆ ತುಸುತುಸುವೇ ಹೊರಗೆಳೆಯಬೇಕು. ಉರಿ ತಾಳದೆ ಮೆಟ್ಟಿಲ ಬಾವಿಗೆ ಇಳಿದು ಕಾಲು ಅದ್ದಿದರೆ ಹುಳು ಮರಿಗಳನ್ನು ನೀರಿಗೆ ಬಿಡುತ್ತದೆ. ಆ ನೀರಿನ ಸೂಕ್ಷ್ಮ ಜೀವಿಗಳು ಅವನ್ನು ನುಂಗುತ್ತವೆ, ಅದೇ ನೀರನ್ನು ಕುಡಿದವರ ಕಾಲಿನಲ್ಲಿ ಸುಮಾರು ಒಂದು ವರ್ಷದ ನಂತರ ಇನ್ನೊಂದು ಬೊಬ್ಬೆ ಏಳುತ್ತದೆ.

ಈ ರೋಗಕ್ಕೆ ಲಸಿಕೆಯಿರಲಿಲ್ಲ, ಮಾತ್ರೆಯೂ ಇರಲಿಲ್ಲ. ಆದರೂ 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಅದನ್ನು ಅಳಿಸಿಹಾಕಿತು. 1996ರಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡುಬಂದರು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಘೋಷಿಸಿತು. ಹೇಗೆ ಸಾಧ್ಯವಾಯಿತು? ಬಟ್ಟೆಯಲ್ಲಿ ಸೋಸಿದ ನೀರು, ಮೆಟ್ಟಿಲ ಬಾವಿಯ ಬದಲು ಸೇದುವ ಬಾವಿ ಮತ್ತು ಕೊಳವೆ ಬಾವಿ, ಎಲ್ಲಕ್ಕಿಂತ ಹೆಚ್ಚಾಗಿ ಮನೆಮನೆಗೆ ಹೋಗಿ "ಕಾಲು ತೋರಿಸಿ" ಎಂದು ಕೇಳಿದ ಕಾರ್ಯಕರ್ತರು, ಅವರಿಗೆ ಕಾಲು ತೋರಿಸಿದ ಜನರು. ಅಕ್ಷರ ಬಾರದ ನಮ್ಮ ಅಜ್ಜ ಅಜ್ಜಿಯರು ಸೀರೆ, ಧೋತರ ಮೇಲೆತ್ತಿ ತೋರಿಸಿದ್ದನ್ನು, ಪಾಸ್‌ಪೋರ್ಟು ಹಿಡಿದು ಸಮುದ್ರ ದಾಟಿದ ನಾವು ತೋರಿಸಲು ಹಿಂಜರಿಯುವುದು ಸರಿಯೇ?

"ಹೇಳುವುದು ಸುಲಭ" ಎನ್ನುವವರಿಗೆ

"ತೋರಿಸಿದರೆ ಕಂಪನಿ ಮನೆಗೆ ಕಳುಹಿಸಿದರೆ ನೀವು ಸಂಬಳ ಕೊಡುತ್ತೀರಾ?" ಎಂದು ಒಬ್ಬ ತಮ್ಮ ನನ್ನನ್ನು ನೇರವಾಗಿ ಕೇಳಿದ. ನ್ಯಾಯವಾದ ಪ್ರಶ್ನೆ. ಎಲ್ಲ ಕಡೆಯೂ ಎಲ್ಲರೂ ದಯಾಳುಗಳೆಂದು ನಾನು ವಾದಿಸುವುದಿಲ್ಲ. ಆದರೆ ಎರಡು ಸಂಗತಿಗಳನ್ನು ಆತನ ಮುಂದಿಟ್ಟೆ. ಮೊದಲನೆಯದು, ಕಾನೂನು. 2023ರ ಒಮಾನ್ ಕಾರ್ಮಿಕ ಕಾನೂನಿನ ಪ್ರಕಾರ ವೈದ್ಯರ ಪ್ರಮಾಣಪತ್ರದೊಂದಿಗೆ ವರ್ಷಕ್ಕೆ 182 ದಿನಗಳವರೆಗೆ ಅನಾರೋಗ್ಯ ರಜೆಗೆ ಅವಕಾಶವಿದೆ. ಮೊದಲ 21 ದಿನಗಳಿಗೆ ಪೂರ್ಣ ವೇತನ, ಆಮೇಲೆ ಹಂತಹಂತವಾಗಿ ಕಡಿಮೆ. ಈ ಹಕ್ಕು ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತೇ ಇಲ್ಲ. ಎರಡನೆಯದು, ಕಾಲದ ಲೆಕ್ಕ. ಆರಂಭದಲ್ಲಿ ತೋರಿಸಿದವನಿಗೆ ಬೇಕಾಗುವುದು ಕೆಲವು ದಿನಗಳ ಔಷಧ, ಸ್ವಲ್ಪ ಕೂತು ಮಾಡುವ ಕೆಲಸ. ಕೊನೆಯಲ್ಲಿ ತೋರಿಸಿದವನಿಗೆ ಕೆಲಸವೂ ಹೋಗುತ್ತದೆ, ಕಾಲೂ ಹೋಗುತ್ತದೆ. ಬಚ್ಚಿಟ್ಟ ಮಾತ್ರಕ್ಕೆ ಕೆಲಸ ಉಳಿಯುವುದಿಲ್ಲ. ಅದನ್ನು ಕಳೆದುಕೊಳ್ಳುವ ದಿನ ಮುಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ಬೆಲೆ ಏರಿರುತ್ತದೆ.

ಉದ್ಯೋಗದಾತರ ಸ್ಥಾನದಲ್ಲಿರುವ, ಮೇಲ್ವಿಚಾರಕರಾಗಿರುವ ಕನ್ನಡಿಗರೂ ಈ ಪತ್ರಿಕೆಯನ್ನು ಓದುತ್ತೀರಿ. ನಿಮಗೊಂದು ವಿನಂತಿ. ಕುಂಟುತ್ತಿರುವವನನ್ನು "ಏನಾಯ್ತಪ್ಪಾ?" ಎಂದು ಏಕಾಂತದಲ್ಲಿ ಕೇಳಿ, ಗುಂಪಿನ ಮುಂದೆ ಕೇಳಬೇಡಿ. ಕಾಲು ಊದಿದವನಿಗೆ ಅಳತೆಯ ಬೂಟು ಕೊಡಿಸುವುದು, ಪಾಳಿಯ ನಡುವೆ ಹತ್ತು ನಿಮಿಷ ಕೂರಲು ಬಿಡುವುದು ನಿಮಗೆ ಹೆಚ್ಚಿನ ಖರ್ಚಲ್ಲ. ತೋರಿಸಿದವನಿಗೆ ಶಿಕ್ಷೆಯಾಯಿತೆಂಬ ಒಂದು ಸುದ್ದಿ ಸಾಕು, ಇಡೀ ಶಿಬಿರದ ನೂರು ಕಾಲುಗಳು ಬೂಟಿನೊಳಗೆ ಅಡಗುತ್ತವೆ.

ಸಂಘಕ್ಕೂ ಒಂದು ಮಾತು. ನಾವು ನಡೆಸುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಆಗುತ್ತದೆ, ಫೋಟೋ ತೆಗೆಯಲಾಗುತ್ತದೆ. ಕಾಲು ನೋಡುವವರಿಲ್ಲ. ಮುಂದಿನ ಶಿಬಿರದಲ್ಲಿ ಪರದೆ ಕಟ್ಟಿದ ಒಂದು ಮೂಲೆ, ಒಂದು ಬೆಂಚು, ಒಳ್ಳೆಯ ದೀಪ, ಕನ್ನಡ, ತುಳು ಅಥವಾ ಬ್ಯಾರಿ ಮಾತನಾಡಬಲ್ಲ ವೈದ್ಯರೋ ದಾದಿಯರೋ ಒಬ್ಬರು ಇರಲಿ. ಅಲ್ಲಿ ಫೋಟೋ ಬೇಡ, ಹೆಸರಿನ ಪಟ್ಟಿ ಬೇಡ. ವೈದ್ಯರ ಬಳಿ ಹೇಳಬೇಕಾದ ಸಂಗತಿಗಳನ್ನು ಬರೆದುಕೊಡುವ ಸ್ವಯಂಸೇವಕರಿರಲಿ: ಯಾವಾಗಿನಿಂದ, ಒಂದು ಕಾಲೋ ಎರಡೋ, ನೋವಿದೆಯೇ, ಜ್ವರ ಬಂದಿತ್ತೇ, ಬೆಳೆಯುತ್ತಿದೆಯೇ, ಯಾವ ಮಾತ್ರೆ ನುಂಗುತ್ತಿದ್ದೀರಿ, ನಿಮ್ಮ ಜಿಲ್ಲೆ ಯಾವುದು. ಇಂಗ್ಲಿಷಿನಲ್ಲೋ ಅರಬ್ಬಿಯಲ್ಲೋ ಈ ಏಳು ಸಾಲಿನ ಚೀಟಿ ಕಿಸೆಯಲ್ಲಿದ್ದರೆ ಅರ್ಧ ರೋಗನಿರ್ಣಯ ಆದಂತೆ.

ನಮ್ಮ ಹಿರಿಯರು ರಜೆ ಪಡೆದು ಊರಿಗೆ ಹೋಗಿ ಚಿಕಿತ್ಸೆ ಮಾಡಿಸಿಕೊಂಡು ಮರಳಿ ಬಂದಿದ್ದಾರೆ. ಮೂರು ವರ್ಷ ತಡವಾದ್ದರಿಂದ ಊತ ಪೂರ್ತಿ ಇಳಿದಿಲ್ಲ, ಇಳಿಯುವುದೂ ಇಲ್ಲವೆಂದು ವೈದ್ಯರು ತಿಳಿಸಿದ್ದಾರೆ. ಆದರೆ ಜ್ವರ ಮರುಕಳಿಸಿಲ್ಲ. ಪ್ರತಿರಾತ್ರಿ ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿ, ಪಟ್ಟಿ ಸುತ್ತಿಕೊಳ್ಳುತ್ತಾರೆ. ಕೋಣೆಯ ಜೊತೆಗಾರ, ಬೀದರ್ ಕಡೆಯ ಹುಡುಗ, ಪಟ್ಟಿಯ ತುದಿ ಹಿಡಿದುಕೊಳ್ಳುತ್ತಾನೆ. ಮೊನ್ನೆ ಹಾಗೆ ಹಿಡಿದವನು "ಕಾಕಾ, ನಂದೂ ಒಂದ್ ಸಲ ನೋಡ್ರಿ" ಎಂದು ತನ್ನ ಪ್ಯಾಂಟಿನ ಅಂಚನ್ನು ಮಡಚಿದನಂತೆ. ಮೀನಖಂಡದ ಮೇಲೆ ನೀಲಿ ನಾಳದ ಒಂದು ಸಣ್ಣ ಸುರುಳಿಯಿತ್ತು. ಮರುದಿನವೇ ಅವನನ್ನು ವೈದ್ಯರ ಬಳಿಗೆ ಕರೆದೊಯ್ದವರು ಇದೇ ಹಿರಿಯರು.

ಮುಂದಿನ ರಾಜ್ಯೋತ್ಸವಕ್ಕೆ ಮೊದಲ ಬತ್ತಿಯನ್ನು ಅವರಿಂದಲೇ ಹಚ್ಚಿಸಬೇಕೆಂದು ನನ್ನ ಆಸೆ. ಬೂಟು ಬಿಚ್ಚಲು ಎಷ್ಟು ಹೊತ್ತಾದರೂ ನಾವು ಕಾಯೋಣ.